ಜಾಲಿ ಮರ, ಬಂಗಾರದ ತಗಡು

ವಿಜಯಪುರದ ಗಾಂಧಿ ಚೌಕ ದಾಟಿ ತಿಕೋಟಾ ಕಡೆ ಹೊರಟರೆ ಬದುಗಳ ಮೇಲೆ ಜಾಲಿ. ಉರುವಲಿಗಷ್ಟೇ ಎಂದುಕೊಳ್ಳುತ್ತೇವೆ. ಬೈಬಲಿನ ವಿಮೋಚನಕಾಂಡದಲ್ಲಿ ಇಸ್ರಾಯೇಲರು ಮರುಭೂಮಿಯ ದೇವದರ್ಶನ ಗುಡಾರಕ್ಕೆ ಮಂಜೂಷ, ಮೇಜು ಮಾಡಿದ್ದು ಅದೇ ಜಾತಿಯ ಮರದಿಂದ. ಮೇಲೆ ಬಂಗಾರದ ಹೊದಿಕೆ. ಕ್ರೈಸ್ತ ವ್ಯಾಖ್ಯಾನಕಾರರಿಗೆ ಮರ ಯೇಸುವಿನ ಮನುಷ್ಯತ್ವ, ಬಂಗಾರ ದೈವತ್ವ. ಮೇಜಿನ ಹನ್ನೆರಡು ರೊಟ್ಟಿಗಳು ಜೀವದ ರೊಟ್ಟಿಯಾದ ಕ್ರಿಸ್ತನ ಸೂಚನೆ. ಗೂಟ, ಕೊಂಡಿಗಳಿಗೂ ಅರ್ಥ ಹಚ್ಚುವವರಿದ್ದಾರೆ, ಅದು ಅತಿಯಾಯಿತು.

ನಾನು ಮನಸೋತದ್ದು ಆ ಗುಡಾರದ ದೀಪಸ್ತಂಭಕ್ಕೆ. ಅದರಲ್ಲಿ ಮರವೇ ಇಲ್ಲ. ಒಂದು ತಲಾಂತು, ಅಂದರೆ ಸುಮಾರು 34 ಕಿಲೋ ಬಂಗಾರವನ್ನು ಬಡಿದೇ ನಡುಕಂಬ, ಆರು ಕೊಂಬೆ, ಬಾದಾಮಿ ಹೂವಿನ ಬಟ್ಟಲು ಎಬ್ಬಿಸಬೇಕಿತ್ತು. ‘ಲೋಕದ ಬೆಳಕು’ ಎಂಬ ಕ್ರೈಸ್ತ ಅರ್ಥ ಆಮೇಲಿನದು. ಮೊದಲಿಗೆ ಕಾಣುವುದು ಸುತ್ತಿಗೆಯ ಕಸುಬು. ದೇವರಾತ್ಮ ತುಂಬಿದವನೆಂದು ಆ ಗ್ರಂಥ ಹೊಗಳುವ ಬೆಚಲೇಲನೂ ಯಾಜಕನಲ್ಲ, ಕುಶಲಕರ್ಮಿ.