ಸುರಂಗದ ಬಾಯಲ್ಲಿ ಒಂದು ಹೆಣ, ಮೂವರು ಕೊಲೆಗಾರರು: ಒಂದು ವಿಡಿಯೊ ಇನ್‌ಸ್ಟಾಲೇಶನ್ ಯೋಜನೆಯ ವಿಮರ್ಶೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ)

ಮಾತು ಕೇಳಿಸ್ತಾ ಇದೆ ಅಂದುಕೊಳ್ತೇನೆ. ಇಲ್ಲಿ ಮಳೆ ಜೋರು, ಕರೆಂಟು ಹೋದರೆ ಮೊಬೈಲಿನಿಂದ ಮತ್ತೆ ಸೇರಿಕೊಳ್ತೇನೆ.

ಇವತ್ತು ನಾನು ಎತ್ತಿಕೊಂಡಿರುವುದು ಇನ್ನೂ ಆಗದೇ ಇರುವ ಒಂದು ಕೃತಿ. ಸಿನಿಮಾ ಕಲಿಯುತ್ತಿರುವ ಕಾಸರಗೋಡು ಕಡೆಯ ವಿದ್ಯಾರ್ಥಿನಿಯೊಬ್ಬರು ಕೊನೆಯ ವರ್ಷದ ಕೆಲಸಕ್ಕಾಗಿ ಬರೆದ ಹದಿನೆಂಟು ಪುಟದ ಯೋಜನೆ. ಅವರ ಒಪ್ಪಿಗೆ ಕೇಳಿಯೇ ಮಾತಾಡ್ತಿದ್ದೇನೆ, ಹೆಸರು ಮಾತ್ರ ಬೇಡ ಅಂದಿದ್ದಾರೆ.

ಸೊಲ್ಲಾಪುರ, ತಾಳವಾಡಿ ಕಡೆಯಿಂದ ಸೇರಿದವರಿಗೆ ಒಂದು ಮಾತು. ನಮ್ಮಲ್ಲಿ ಸುರಂಗ ಅಂದರೆ ರೈಲಿನದ್ದಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು, ಕೈಯಿಂದಲೇ ಕೊರೆದು ಒಳಗಿನ ನೀರನ್ನು ತೋಟಕ್ಕೆ ಇಳಿಸಿಕೊಳ್ಳುವ ದಾರಿ. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಯೋಜನೆಯ ಕತೆ ನಡೆಯುವುದು ಅಂಥ ಒಂದು ಸುರಂಗದ ಬಾಯಲ್ಲಿ. ನೀರಿನ ಪಾಲಿಗೆ ಜಗಳ ಮಾಡಿಕೊಂಡಿದ್ದ ಅಣ್ಣ ತಮ್ಮಂದಿರಲ್ಲಿ ತಮ್ಮ ಒಂದು ಬೆಳಿಗ್ಗೆ ಅಲ್ಲಿ ಸತ್ತು ಬಿದ್ದಿದ್ದಾನೆ. ಹಳೆಯ ಹೆಂಚಿನ ಮನೆಯ ಚಾವಡಿಯ ನಾಲ್ಕು ಮೂಲೆಗೆ ನಾಲ್ಕು ಟಿವಿ, ನಾಲ್ಕು ಹೆಡ್‌ಫೋನು. ಒಂದರಲ್ಲಿ ಸತ್ತವನ ಅತ್ತಿಗೆ, ಕನ್ನಡದಲ್ಲಿ. ಇನ್ನೊಂದರಲ್ಲಿ ಸುರಂಗ ತೋಡುವವರು, ತುಳುವಿನಲ್ಲಿ. ಮತ್ತೊಂದರಲ್ಲಿ ನೆರೆಮನೆಯವರು, ಮಲಯಾಳದಲ್ಲಿ. ನಾಲ್ಕನೆಯದರಲ್ಲಿ ತನಿಖೆಗೆ ಬಂದ ಎಸ್‌ಐ. ನೋಡುಗ ಐದು ಸಲ ಎರಡು ಬಟನ್‌ಗಳಲ್ಲಿ ಒಂದನ್ನು ಒತ್ತುತ್ತಾನೆ. ಅವನು ಒತ್ತಿದ ಹಾಗೆ ಕೊಲೆಗಾರ ಅಣ್ಣನೋ ಕೆಲಸಗಾರನೋ ನೆರೆಯವನೋ ಆಗುತ್ತಾನೆ.

ಮೊದಲು ಲೆಕ್ಕ. ಐದು ಸಲ ಎರಡೆರಡು ಕವಲು ಅಂದರೆ 1, 2, 4, 8, 16, 32, ಒಟ್ಟು 63 ತುಣುಕು. ಒಂದಕ್ಕೆ ಎರಡು ನಿಮಿಷ ಹಿಡಿದರೂ 126 ನಿಮಿಷ. ಒಬ್ಬ ನೋಡುಗನ ಕಣ್ಣಿಗೆ ಬೀಳುವುದು ಆರು ತುಣುಕು, ಹನ್ನೆರಡು ನಿಮಿಷ. ಅಂದರೆ ಪೂರ್ತಿ ಸಿನಿಮಾದಷ್ಟು ಚಿತ್ರೀಕರಿಸಿ ಹತ್ತರಲ್ಲಿ ಒಂದು ಪಾಲನ್ನು ತೋರಿಸುವುದು. ವಿದ್ಯಾರ್ಥಿಯ ಕಿಸೆಗೆ ಇದು ಆಗುವ ಮಾತಲ್ಲ. 1967ರಲ್ಲಿ ಮಾಂಟ್ರಿಯಲ್ ಪ್ರದರ್ಶನದಲ್ಲಿ ಜೆಕ್ ನಿರ್ದೇಶಕ ರಾಡೂಜ್ ಚಿಂಚೆರಾ ತೋರಿಸಿದ 'ಕಿನೊಆಟೊಮಾಟ್'ನಲ್ಲಿ ಪ್ರೇಕ್ಷಕರು ಸೀಟಿನ ಕೆಂಪು, ಹಸಿರು ಗುಂಡಿ ಒತ್ತಿ ಮತ ಹಾಕುತ್ತಿದ್ದರು. ಆದರೆ ಯಾವ ದಾರಿ ಹಿಡಿದರೂ ಕತೆ ಮತ್ತೆ ಒಂದೇ ಕಡೆ ಬಂದು ಸೇರುತ್ತಿತ್ತು, ಕೊನೆಗೆ ಕಟ್ಟಡಕ್ಕೆ ಬೆಂಕಿ ಬೀಳುವುದು ತಪ್ಪುತ್ತಿರಲಿಲ್ಲ. ಅದು ಜಾಣತನವೂ ಹೌದು, ನಮ್ಮ ಮತದಾನದ ಬಗ್ಗೆ ಒಂದು ಕುಹಕವೂ ಹೌದು.

ಲೆಕ್ಕಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ನಾನು ಬಟನ್ ಒತ್ತಿದ್ದರಿಂದ ಕೊಲೆಗಾರ ಬದಲಾಗ್ತಾನೆ ಅಂತಾದರೆ, ನಾನು ನೋಡಿದ ಸಾಕ್ಷ್ಯಕ್ಕೆ ಬೆಲೆ ಎಂತ? ಕೆಸರಿನಲ್ಲಿ ಸಿಕ್ಕ ಪಿಕ್ಕಾಸು ಒಂದು ದಾರಿಯಲ್ಲಿ ಆಯುಧ, ಇನ್ನೊಂದರಲ್ಲಿ ಬರೇ ಪಿಕ್ಕಾಸು. ಆಗ ಅದು ತನಿಖೆಯಲ್ಲ, ಲಾಟರಿ. ಕೊಲೆಯ ಕತೆಗೆ ನಡೆದುಹೋದದ್ದು ಒಂದೇ ಇರಬೇಕು. ಬದಲಾಗಬೇಕಾದದ್ದು ಅದನ್ನು ನಾವು ಕೇಳಿಸಿಕೊಳ್ಳುವ ದಾರಿ. ಸ್ಯಾಮ್ ಬಾರ್ಲೋ 2015ರಲ್ಲಿ ಮಾಡಿದ 'ಹರ್ ಸ್ಟೋರಿ' ಎಂಬ ವಿಡಿಯೊ ಆಟದಲ್ಲಿ ಇರುವುದು ಒಬ್ಬ ಹೆಂಗಸಿನ ಪೊಲೀಸ್ ವಿಚಾರಣೆಯ ತುಣುಕುಗಳು ಮಾತ್ರ. ನೀವು ಒಂದು ಪದ ಟೈಪ್ ಮಾಡಿದರೆ ಆಕೆ ಆ ಪದ ಆಡಿದ ತುಣುಕುಗಳು ಬರುತ್ತವೆ, ಅದೂ ಮೊದಲ ಐದು. ಏನೂ ಬದಲಾಗುವುದಿಲ್ಲ, ನಿಮ್ಮ ತಿಳಿವಳಿಕೆ ಮಾತ್ರ ಬದಲಾಗುತ್ತದೆ. ಯೋಜನೆಯಲ್ಲಿ ಪದೇಪದೇ ಬರುವ ಹೆಸರು 'ಉಳಿದವರು ಕಂಡಂತೆ' (2014). ಒಳ್ಳೆಯ ಮಾದರಿಯೇ, ಆದರೆ ಅಲ್ಲಿ ಕೇಳುವ ಕೆಲಸ ಪತ್ರಕರ್ತೆಯದ್ದು, ನಮ್ಮದಲ್ಲ.

ಇಷ್ಟು ದೂರ ಹೋಗುವುದೂ ಬೇಡ ಮಾರಾಯ್ರೆ. ಆ ಚಾವಡಿಯಲ್ಲಿ ಹಿಂದೆ ತಾಳಮದ್ದಳೆ ಆಗ್ತಿತ್ತು ಅಂತ ಅವರೇ ಬರೆದಿದ್ದಾರೆ, ಬರೆದು ಬಿಟ್ಟುಬಿಟ್ಟಿದ್ದಾರೆ. ವಾಲಿಯ ಪ್ರಸಂಗವನ್ನು ನೆನಪು ಮಾಡಿಕೊಳ್ಳಿ. ಬಾಣ ಬಿಟ್ಟದ್ದು ಯಾರು ಅಂತ ಜಗಲಿಯಲ್ಲಿ ಕೂತ ಮಗುವಿಗೂ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು, ಮರೆಯಲ್ಲಿ ನಿಂತು ಹೊಡೆದದ್ದು ಸರಿಯೋ ಅಂತ ರಾತ್ರಿಯಿಡೀ ವಾದಿಸ್ತಾರೆ. ವಾಲಿ ಬೀಳುವುದು ಖಂಡಿತ, ಮಾತು ಎಲ್ಲಿಗೆ ಹೋಗ್ತದೆ ಅಂತ ಯಾರಿಗೂ ಗೊತ್ತಿಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ರಾಮಾಯಣ ಪ್ರಸಂಗಗಳನ್ನು ಕೇಳಿಕೊಂಡು ಬಂದ ಊರಿನವರಿಗೆ ಬಟನ್ ಹೊಸದು, ತೀರ್ಪು ಹೇಳುವ ಚಪಲ ಹೊಸದಲ್ಲ.

ಈಗ ಏಳನೇ ಪುಟ. ಇಡೀ ಯೋಜನೆಯ ಜೀವ ಇರುವುದು ಅಲ್ಲಿ, ಅವರು ಅದನ್ನು ತಮಾಷೆಯ ಸಾಲಾಗಿ ಇಟ್ಟಿದ್ದಾರೆ. ಅತ್ತಿಗೆ ಹೇಳ್ತಾಳೆ: "ಇವ್ರು ತಳ್ಳಿದ್ರು, ಅವ ಬಿದ್ದ." ಎಸ್‌ಐ ಮಲಯಾಳದಲ್ಲಿ ಬರೆದುಕೊಳ್ಳುವುದು 'ತಲ್ಲಿ'. ಮಲಯಾಳದಲ್ಲಿ 'ತಳ್ಳಿ' ಅಂದರೆ ದೂಡಿ, 'ತಲ್ಲಿ' ಅಂದರೆ ಹೊಡೆದು. ಒಂದು ಳಕಾರ ಲಕಾರವಾಯ್ತು. (ನಮ್ಮ ಮನೆಗಳಲ್ಲಿ 'ದೂಡಿದ' ಎನ್ನುವವರೇ ಹೆಚ್ಚು, ಅತ್ತಿಗೆ ಘಟ್ಟದ ಮೇಲಿನಿಂದ ಮದುವೆಯಾಗಿ ಬಂದವಳು ಅಂತ ಮಾಡಿದರೆ ಸರಿಹೋಗ್ತದೆ.) ದೂಡಿದ್ದಕ್ಕೂ ಹೊಡೆದದ್ದಕ್ಕೂ ನಡುವೆ ಜೈಲಿನ ಎಷ್ಟೋ ವರ್ಷಗಳಿವೆ. 1956ರ ನವೆಂಬರ್ 1ರಿಂದ ಇಲ್ಲಿ ಕನ್ನಡ ಮಾತ್ರ ಬಲ್ಲವರು ತಮ್ಮದೇ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಂಡು ಕೂತದ್ದುಂಟು. ಆ ಅನುಭವ ಈ ಒಂದು ಅಕ್ಷರದಲ್ಲಿ ಇದೆ. ಅದನ್ನು ನಗೆಗೆ ಖರ್ಚು ಮಾಡಬಾರದು.

ಇಂಥ ಯೋಜನೆಯಲ್ಲಿ ಎಲ್ಲ ಪರದೆಗೂ ಇಂಗ್ಲಿಷ್, ಮಲಯಾಳ ಸಬ್‌ಟೈಟಲ್ ಹಾಕುವುದೆಂದರೆ ಹೆಣವನ್ನೇ ಸುಟ್ಟು ಮರಣೋತ್ತರ ಪರೀಕ್ಷೆಗೆ ಕೂತ ಹಾಗೆ. ಪರೀಕ್ಷಕರಿಗೆ ಅರ್ಥವಾಗಬೇಕು ಎಂಬ ಹೆದರಿಕೆ ಅವರದ್ದು, ನನಗೆ ಗೊತ್ತಾಗ್ತದೆ. ಆದರೂ ಸಬ್‌ಟೈಟಲ್ ತೆಗೆದು ನೋಡಲಿ. ಎಸ್‌ಐಯ ಪರದೆಯಲ್ಲಿ ಆ ಬರೆಯುವ ಕೈಯನ್ನು ಹತ್ತಿರದಿಂದ ತೋರಿಸಲಿ. ಕನ್ನಡ ಬಲ್ಲವನಿಗೆ ಅತ್ತಿಗೆ ಸಿಗ್ತಾಳೆ, ಮಲಯಾಳ ಓದುವವನಿಗೆ ಕಾಗದ ಸಿಗ್ತದೆ. ಎರಡೂ ಇಲ್ಲದವನು ಹೆಡ್‌ಫೋನು ತೆಗೆದು ಪಕ್ಕದವರನ್ನು "ಅವಳು ಎಂತ ಹೇಳಿದ್ದು?" ಅಂತ ಕೇಳಬೇಕು. ಪಕ್ಕದವರು ತಪ್ಪು ಹೇಳಲೂಬಹುದು. ನೋಡುಗನ ಪಾಲುಗಾರಿಕೆ ಅಲ್ಲಿ ಶುರುವಾಗ್ತದೆ, ಬಟನಿನಲ್ಲಿ ಅಲ್ಲ. 63 ತುಣುಕೂ ಬೇಡ, ನಾಲ್ಕು ದೀರ್ಘ ಹೇಳಿಕೆ ಸಾಕು.

ಒಂದು ತಪ್ಪನ್ನು ತಿದ್ದಲೇಬೇಕು. ಅತ್ತಿಗೆ ಠಾಣೆಯಲ್ಲಿ ಹೇಳಿಕೆಗೆ ಸಹಿ ಹಾಕುವ ದೃಶ್ಯವಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಸಾಕ್ಷಿಯ ಹೇಳಿಕೆಗೆ ಸಹಿ ಹಾಕಿಸುವ ಹಾಗಿಲ್ಲ. ಸಿಆರ್‌ಪಿಸಿಯ 162ನೇ ಕಲಮು ಹಾಗೆ ಹೇಳ್ತಿತ್ತು, 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 181ರಲ್ಲಿದೆ. ತಿದ್ದಿದರೆ ಕತೆಗೇ ಲಾಭ. ಸಹಿಯೂ ಇಲ್ಲ, ಅವಳಿಗೆ ಓದಲಿಕ್ಕೂ ಬರುವುದಿಲ್ಲ, ಕಾಗದದಲ್ಲಿ 'ತಲ್ಲಿ' ಮಾತ್ರ ಇದೆ.

ಚಾಟ್‌ನಲ್ಲಿ ಅಕ್ಕಲಕೋಟೆಯ ಗೆಳೆಯರು ಕೇಳಿದ್ದಾರೆ: "ಹಾಗಾದ್ರ ಕೊಲಿ ಮಾಡ್ದಾಂವ ಯಾರ್ರೀ?" ಯೋಜನೆಯಲ್ಲಿ ಅದಕ್ಕೂ ಸುಳಿವಿದೆ. ತುಳುವಿನ ಹೇಳಿಕೆಯಲ್ಲಿ ಸುರಂಗ ತೋಡುವವರು, ಒಳಗೆ ಹೋದಾಗ ದೀಪ ಮಂಕಾಯ್ತು, ಗಾಳಿ ಸಾಲದೆ ಹೊರಗೆ ಓಡಿ ಬಂದೆ ಅಂತಾರೆ. ತಮ್ಮನೂ ಅದೇ ಬೆಳಿಗ್ಗೆ ಒಳಗೆ ಹೋಗಿದ್ದ. ಆ ತುಳುವನ್ನು ಎಸ್‌ಐ ಬರೆದುಕೊಂಡೇ ಇಲ್ಲ.