ಮಾಡ್ ಹಂಫ್ರಿ ಅವರ ಸಹಿ

ಹಳೆಯ ಕಲ್ಲಚ್ಚಿನ ಬಣ್ಣದ ಚಿತ್ರಗಳನ್ನು ಕೂಡಿಡುವವರ ನಡುವೆ ಚಿತ್ರಕಲಾವಿದೆ ಮಾಡ್ ಹಂಫ್ರಿ ಅವರ ಹೆಸರೆತ್ತಿದರೆ ಬರುವ ಮೊದಲ ಮಾತು, ‘ನಟ ಹಂಫ್ರಿ ಬೊಗಾರ್ಟ್ ಅವರ ತಾಯಿ ಅಲ್ಲವೇ?’ ಎಂಬುದು. ಅದರ ಬೆನ್ನಿಗೇ ಇನ್ನೊಂದು ಕಥೆ: ಗರ್ಬರ್ ಶಿಶು ಆಹಾರದ ಡಬ್ಬಿಯ ಮೇಲಿನ ಮಗು ಬೊಗಾರ್ಟೇ ಎಂದು. ಇದು ಸುಳ್ಳು. ಗರ್ಬರ್ ಶಿಶು ಆಹಾರ ಮಾರಾಟಕ್ಕೆ ಬಂದ 1928ರಲ್ಲಿ ಬೊಗಾರ್ಟ್‌ಗೆ 28 ವರ್ಷ. ಆ ಮಗುವನ್ನು ಇದ್ದಿಲಿನಲ್ಲಿ ಬರೆದವರು ಡೊರೊಥಿ ಹೋಪ್ ಸ್ಮಿತ್. ತಾಯಿ ಬರೆದ ಮಗನ ಚಿತ್ರವನ್ನು ಬಳಸಿಕೊಂಡದ್ದು ಮೆಲಿನ್ಸ್ ಬೇಬಿ ಫುಡ್ ಜಾಹೀರಾತು. ಇಬ್ಬರು ಕಲಾವಿದೆಯರ ದುಡಿಮೆಯನ್ನು ಒಬ್ಬ ನಟನ ಖಾತೆಗೆ ಜಮಾ ಮಾಡುವ ಕಥೆ ಇದು. ಅದಕ್ಕೇ ನನ್ನ ತಕರಾರು.

ತಾಯಿಯ ಹೆಸರು ಮಗನಿಂದ ಬಂದದ್ದು ಎಂದುಕೊಂಡರೆ, ಕಾಲಾನುಕ್ರಮ ಬೇರೆಯದನ್ನೇ ಹೇಳುತ್ತದೆ. 1868ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹುಟ್ಟಿದ ಮಾಡ್, ನ್ಯೂಯಾರ್ಕ್‌ನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲೂ ಪ್ಯಾರಿಸ್‌ನಲ್ಲೂ ಕಲಿತವರು. 1890ರ ದಶಕದಲ್ಲೇ ಫ್ರೆಡರಿಕ್ ಸ್ಟೋಕ್ಸ್ ಪ್ರಕಾಶನದ ಪುಸ್ತಕಗಳು, ಕ್ಯಾಲೆಂಡರ್‌ಗಳು, ಐವರಿ ಸೋಪಿನ ಜಾಹೀರಾತುಗಳ ಮೂಲಕ ಅವರ ಕೆಲಸ ಮನೆಮನೆ ಸೇರಿತ್ತು. ಏಳಿಗೆಯ ದಿನಗಳಲ್ಲಿ ಅವರ ವರ್ಷದ ಗಳಿಕೆ 50,000 ಡಾಲರ್, ವೈದ್ಯರಾಗಿದ್ದ ಗಂಡನದು 20,000 ಎಂದು ಬೊಗಾರ್ಟ್ ಜೀವನಚರಿತ್ರೆಗಳು ಬರೆಯುತ್ತವೆ. 1899ರಲ್ಲಿ ಹುಟ್ಟಿದ ಮಗನಿಗೆ ಇಟ್ಟದ್ದು ತಾಯಿಯ ತವರಿನ ಮನೆತನದ ಹೆಸರು. ಮಾಡ್ ತೀರಿಕೊಂಡದ್ದು 1940ರಲ್ಲಿ. ಮಗ ನಟಿಸಿದ ‘ದಿ ಮಾಲ್ಟೀಸ್ ಫಾಲ್ಕನ್’ ಬಂದದ್ದು 1941ರಲ್ಲಿ, ‘ಕಾಸಾಬ್ಲಾಂಕಾ’ ಅದರ ಮರುವರ್ಷ. ಮಗನ ಆ ಕೀರ್ತಿಯನ್ನು ತಾಯಿ ಕಾಣಲೇ ಇಲ್ಲ.

ಮಾಡ್ ಅವರ ಚಿತ್ರಗಳಲ್ಲಿರುವುದು ಬರೀ ಗುಂಡುಕೆನ್ನೆಯ ಮುದ್ದು ಎನ್ನುವವರಿದ್ದಾರೆ. ಕೆನ್ನೆಗಳ ಮಟ್ಟಿಗೆ ಒಪ್ಪುತ್ತೇನೆ; ಒಂದು ಮುಖ ಇನ್ನೊಂದರಂತೆಯೇ ಇರುತ್ತದೆ. 1899ರ ‘ಗ್ಯಾಲಂಟ್ ಲಿಟಲ್ ಪೇಟ್ರಿಯಟ್ಸ್’ ಪುಸ್ತಕದಲ್ಲಿ ಅಮೆರಿಕ-ಸ್ಪೇನ್ ಯುದ್ಧದ ಬಿಸಿ ಆರುವ ಮೊದಲೇ ಪುಟಾಣಿಗಳಿಗೆ ಸೈನಿಕರ ಉಡುಪು ತೊಡಿಸಿದ್ದಂತೂ ನನಗೆ ಸಹಿಸಲಾಗದು. ಆದರೆ ಕಣ್ಣನ್ನು ಮುಖದಿಂದ ಬಟ್ಟೆಗೆ ಇಳಿಸಬೇಕು. ಲೇಸು, ಕುಲಾವಿ, ಮಡಿಕೆ, ರಿಬ್ಬನ್ ಒಂದೊಂದರ ಭಾರವೂ ಬೇರೆಬೇರೆಯಾಗಿ ಕಾಣುತ್ತದೆ. ಜಲವರ್ಣದಲ್ಲಿ ಬಿಳಿ ಎಂದರೆ ಬಹುಪಾಲು ಹಾಗೇ ಬಿಟ್ಟ ಕಾಗದ. ಬಿಳಿ ಅಂಗಿಯನ್ನು ತೋರಿಸಬೇಕಾದದ್ದು ತೆಳು ನೆರಳಿನಿಂದಲೇ. ಆ ನೆರಳು ಅಚ್ಚಿಗೆ ಹೋದಾಗ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಒಂದು ಕೂದಲೆಳೆಯಷ್ಟು ಜರುಗಿದರೂ ಲೇಸು ಕಲೆಯಾಗುತ್ತದೆ. ನಮ್ಮ ಮನೆಗಳ ಗೋಡೆಗೆ ರವಿವರ್ಮರ ದೇವರ ಪಟಗಳನ್ನು ತಂದದ್ದೂ ಇದೇ ಕಾಲದ, ಇದೇ ಬಗೆಯ ಅಚ್ಚು. ಅದರ ಕಷ್ಟ ನಮಗೆ ಅಪರಿಚಿತವಲ್ಲ.

ತಾಯಿಯಾಗಿ ಮಾಡ್ ತಣ್ಣಗಿದ್ದರು ಎಂಬುದು ಇನ್ನೊಂದು ಆಕ್ಷೇಪ. ತಾಯಿಯ ಮೇಲೆ ಪ್ರೀತಿಗಿಂತ ಗೌರವವಿತ್ತು ಎಂಬರ್ಥದ ಮಾತನ್ನು ಬೊಗಾರ್ಟ್ ಹೇಳಿದ್ದುಂಟು. ಮಗನ ನೋವನ್ನು ಅಲ್ಲಗಳೆಯಲಾರೆ. ಆದರೆ ತಂದೆ ಎಂಥ ತಂದೆ ಎಂದು ಕೇಳಿ ಅವರ ವೈದ್ಯಕೀಯವನ್ನು ಯಾರೂ ಅಳೆಯುವುದಿಲ್ಲ. ಮಗನಿಲ್ಲದಿದ್ದರೆ ಈಕೆಯನ್ನು ಇಂದು ಯಾರು ಕೇಳುತ್ತಿದ್ದರು ಎನ್ನುವುದರಲ್ಲಿ ಸ್ವಲ್ಪ ಸತ್ಯವಿದೆ: 1980ರ ದಶಕದ ಕೊನೆಗೆ ಈ ಚಿತ್ರಗಳನ್ನು ಆಧರಿಸಿ ಮಾರಿದ ಪುಟ್ಟ ಬೊಂಬೆಗಳಿಗೆ ‘ಮಾಡ್ ಹಂಫ್ರಿ ಬೊಗಾರ್ಟ್’ ಎಂದೇ ಹೆಸರಿಟ್ಟರು. ಆದರೆ ಮಾಡ್ ತಮ್ಮ ಚಿತ್ರಗಳ ಮೇಲೆ ಹಾಕುತ್ತಿದ್ದ ಸಹಿ ‘ಮಾಡ್ ಹಂಫ್ರಿ’. ಸಂಗ್ರಹಕಾರರು ಈ ಹಾಳೆಗಳನ್ನು ಸಿನಿಮಾ ನೆನಪುಗಳ ಕಪಾಟಿನಿಂದ ತೆಗೆದು, ಅದೇ ಹೆಸರಿನಡಿ, ಅದೇ ಕಾಲದ ಜೆಸ್ಸಿ ವಿಲ್‌ಕಾಕ್ಸ್ ಸ್ಮಿತ್ ಅವರ ಮಕ್ಕಳ ಚಿತ್ರಗಳ ಪಕ್ಕದಲ್ಲಿಟ್ಟು ನೋಡಲಿ.