‘ಗಂಜಿ ಗಿರಾಕಿ’: ಒಂದು ಬೈಗುಳದ ಜಾತಿ

ಹೋದ ತಿಂಗಳು ವಿಚಾರಸಂಕಿರಣವೊಂದರ ಊಟದ ಸಾಲಿನಲ್ಲಿ ನಿಂತಿದ್ದೆ. ಪಕ್ಕದಲ್ಲಿದ್ದ ನಮ್ಮದೇ ಕೇರಿಯ ಹುಡುಗ, ಇನ್ನೊಂದು ಬಣದ ದಲಿತ ಲೇಖಕರೊಬ್ಬರನ್ನು ತೋರಿಸಿ, ‘ಅವ್ರನ್ನ ಬುಡಿ ಸಾರ್, ಗಂಜಿ ಗಿರಾಕಿ’ ಅಂದ. ಅವನ ಕೈಯಲ್ಲೂ ನನ್ನ ಕೈಯಲ್ಲೂ ತಟ್ಟೆಯಿತ್ತು. ತಕ್ಷಣ ಏನೂ ಹೇಳಲಾಗಲಿಲ್ಲ.

2013ರ ನಂತರದ ವರ್ಷಗಳಲ್ಲಿ ಈ ಬೈಗುಳ ಕನ್ನಡದಲ್ಲಿ ಹುಲುಸಾಗಿ ಬೆಳೆಯಿತು. ಸರ್ಕಾರದಿಂದ ಅಕಾಡೆಮಿ, ಪ್ರಾಧಿಕಾರ, ಪ್ರಶಸ್ತಿ ಗಿಟ್ಟಿಸಿಕೊಂಡು ಅದಕ್ಕೆ ತಕ್ಕಂತೆ ಮಾತಾಡುವವನು ಎಂದು ಇದರ ಅರ್ಥ. ಪ್ರಗತಿಪರ ಲೇಖಕರನ್ನು ಹಂಗಿಸಲು ಬಲಪಂಥದವರು ಇದನ್ನು ಧಾರಾಳವಾಗಿ ಬಳಸಿದರು. ‘ಲದ್ದಿಜೀವಿ’ ಇದರ ಜೊತೆಗಾರ. ಈಗ ನಮ್ಮ ಬಣ ಜಗಳಗಳಿಗೂ ಇದು ಬಂದು ಕೂತಿದೆ.

ಸ್ಥಾನಮಾನಕ್ಕೆ ಕೈಕಟ್ಟಿ ನಿಲ್ಲುವ ಲೇಖಕರು ಇಲ್ಲವೇ? ಇದ್ದಾರೆ, ನಮ್ಮಲ್ಲೂ ಇದ್ದಾರೆ. ಅವರನ್ನು ಬೈಯಿರಿ. ಆದರೆ ಅವರು ಉಣ್ಣುವುದು ಗಂಜಿಯಲ್ಲವಲ್ಲ! ‘ಹೋಳಿಗೆ ಗಿರಾಕಿ’, ‘ತುಪ್ಪದ ಗಿರಾಕಿ’ ಅಂತ ಯಾಕೆ ಬೈಗುಳ ಹುಟ್ಟಲಿಲ್ಲ? ಕರಾವಳಿಯಲ್ಲಿ ಕುಚಲಕ್ಕಿ ಗಂಜಿ ಎಷ್ಟೋ ಮನೆಗಳ ದಿನದ ಊಟ, ಅದರಲ್ಲಿ ಅವಮಾನವೇನಿಲ್ಲ. ಪುಢಾರಿಗಳ ಬಿಳಿ ಅಂಗಿ ಸೆಟೆದು ನಿಲ್ಲುವುದೂ ಗಂಜಿಯಿಂದಲೇ. ಬೈಗುಳಕ್ಕೆ ಬೇಕಾಗಿರುವುದು ಆ ಗಂಜಿಯಲ್ಲ, ಗಂಜಿಕೇಂದ್ರದ ಗಂಜಿ. ಬರಕ್ಕೆ, ನೆರೆಗೆ ಸಿಕ್ಕಿದವರು ಪಾತ್ರೆ ಹಿಡಿದು ನಿಂತ ಆ ಸಾಲು.

ಇನ್ನು ‘ಗಿರಾಕಿ’. ದುಡ್ಡು ಕೊಟ್ಟು ಕೊಳ್ಳುವವನಿಗೆ ಆ ಹೆಸರು. ಗಂಜಿಕೇಂದ್ರದಲ್ಲಿ ದುಡ್ಡಿನವನು ಎಲ್ಲಿಂದ ಬರಬೇಕು? ಹಸಿದವನನ್ನೇ ವ್ಯಾಪಾರಕ್ಕೆ ಬಂದ ಚಾಲಾಕಿಯನ್ನಾಗಿ ಮಾಡುವುದು ಈ ಜೋಡಣೆಯ ಕರಾಮತ್ತು. 2013ರಲ್ಲಿ ಅನ್ನಭಾಗ್ಯದ ಅಕ್ಕಿ ಕೆ.ಜಿ.ಗೆ 1 ರೂಪಾಯಿಯಂತೆ ಬಂದಾಗ ‘ಜನ ಸೋಮಾರಿಗಳಾಗ್ತಾರೆ’ ಎಂದು ಕೂಗಿದ ನಾಲಿಗೆಗೂ ಇದಕ್ಕೂ ನಂಟಿದೆ. ಎರಡರಲ್ಲೂ ಕೂಲಿಯವನ ಹೊಟ್ಟೆಯೇ ಅಪರಾಧಿ.

ಇಲ್ಲೊಂದು ಹಳೆಯ ಸಂಗತಿ ನೆನೆಯಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂದರು. ದನದ ಮೇವಿನ ಹೆಸರನ್ನು ಅವರು ಹೇಳಿದ್ದು ಪುಸ್ತಕಗಳಿಗೆ, ಮನುಷ್ಯರಿಗಲ್ಲ. ಅದಕ್ಕೇ ಗಲಭೆಯೆದ್ದಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು, ಅವರು ಮಂತ್ರಿಪದವಿ ಬಿಡಬೇಕಾಯಿತು. ಮನುಷ್ಯರ ಗಂಜಿಯನ್ನೇ ಮನುಷ್ಯರ ಮುಖಕ್ಕೆ ಎರಚುವ ಈ ಮಾತಿಗೆ ಯಾವ ಬೀದಿಯೂ ಬಿಸಿಯಾಗಲಿಲ್ಲ. ‘ತಮಾಷೆ ಕಣ್ರೀ’ ಅಂತಾರೆ.

ಎಂಬತ್ತರ ದಶಕದ ಬರದಲ್ಲಿ ನಮ್ಮೂರ ಶಾಲೆಯ ಜಗಲಿಯಲ್ಲಿ ನುಚ್ಚಕ್ಕಿ ಗಂಜಿ ಕಾಯಿಸುತ್ತಿದ್ದರು. ಅವ್ವ ಕಾಮಗಾರಿಯ ಮಣ್ಣು ಹೊತ್ತು ಬಂದು, ಸೆರಗು ಹೊದ್ದು, ಸಾಲಿಗೆ ನಿಲ್ಲುತ್ತಿದ್ದಳು. ನನ್ನನ್ನು ಮುಂದೆ ಬಿಟ್ಟು ತಾನು ಹಿಂದೆ. ಒಮ್ಮೆ ನಾಚಿಕೆಯಾಗಿ ಬರೋಲ್ಲ ಅಂದೆ. ‘ಕದ್ದೀವಾ ಮಗಾ?’ ಎಂದಷ್ಟೇ ಕೇಳಿದಳು.

ಅವಳ ಹಿಂದೆ ನಿಲ್ಲುತ್ತಿದ್ದವಳು ಆ ಹುಡುಗನ ಅಜ್ಜಿ. ಅವನಿಗೆ ಯಾರೂ ಹೇಳಿದಂತಿಲ್ಲ. ಅವತ್ತು ತಟ್ಟೆ ಕೆಳಗಿಟ್ಟು ನಾನಾದರೂ ಹೇಳಬೇಕಿತ್ತು.